ನಂಬರ್ ಇಲ್ಲದ ಎಂಜಿನ್ ಬ್ಲಾಕ್: ಸಕಲೇಶಪುರದ ಶೆಡ್ಡಲ್ಲಿ ಸಿಕ್ಕ ಜೀಪಿನ ಜಾತಕ

ಇವತ್ತು ಒಂದು ಕಬ್ಬಿಣದ ದಿಮ್ಮಿಯ ಕಥೆ. ಮಾತಾಡದ, ಅಲುಗಾಡದ, ಮೈಮೇಲೆ ಒಂದು ಅಕ್ಷರ ಕೂಡ ಇಲ್ಲದ ಹಳೇ ಎಂಜಿನ್ ಬ್ಲಾಕ್. ಅದು ಎಲ್ಲಿಂದ ಬಂತು, ಯಾವ ಗಾಡೀದು, ಯಾವ ಕಾಲದ್ದು ಅಂತ ಪತ್ತೆ ಹಚ್ಚೋಕೆ ನಾನು ಎರಡು ದಿನ ಪಟ್ಟ ಪಾಡು.

ಮೊದಲೇ ಹೇಳಿಬಿಡ್ತೀನಿ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಅಂದ್ರೆ ನಾಲ್ಕು ವರ್ಷ ಎಂಜಿನ್ ಚಿತ್ರ ಬರೆದವನು, ಮುಟ್ಟಿದವನಲ್ಲ. ಮುಟ್ಟೋದನ್ನ ಕಲಿತಿದ್ದು ಆಮೇಲೆ, ಹಳೇ ಗಾಡಿಗಳ ಹುಚ್ಚು ಹತ್ತಿದ ಮೇಲೆ.

ಸಕಲೇಶಪುರದ ಹತ್ತಿರ ನನ್ನ ಗೆಳೆಯನ ಮನೆ. ಕಾಫಿ ತೋಟ, ಕಣ, ಕಣದ ಪಕ್ಕ ಒಂದು ಶೆಡ್ಡು. ಶೆಡ್ಡಲ್ಲಿ ಟಾರ್ಪಾಲಿನ್ ಹೊದ್ಕೊಂಡು ಒಂದು ಜೀಪು ನಿಂತಿದೆ. ಅವನ ಅಜ್ಜ ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ತಗೊಂಡಿದ್ದು. ಯುದ್ಧ ಮುಗಿದಾಗ ಅಮೆರಿಕದವರೂ ಬ್ರಿಟಿಷರೂ ಭಾರತದಲ್ಲಿ ಬಿಟ್ಟುಹೋದ ಜೀಪುಗಳು ಹೀಗೆ ಮಾರಾಟವಾದವು. ಮಲೆನಾಡಿನ ಕೆಸರಲ್ಲಿ ಬೇರೆ ಯಾವ ಗಾಡಿ ತಾನೇ ಹತ್ತುತ್ತಿತ್ತು ಆಗ?

ಆ ಜೀಪಿನ ಬಾನೆಟ್ ಮೇಲೆ ಒಂದು ತೇಪೆ ಇದೆ. ತಗಡನ್ನ ಕೊಯ್ದು, ಮೇಲೆ ಉಬ್ಬಾಗಿ ಇನ್ನೊಂದು ತಗಡು ಕೂರಿಸಿ ಬೆಸುಗೆ ಹಾಕಿದ್ದಾರೆ. ಅದು ಬರ್ಮಾ ಗಡಿಯಲ್ಲಿ ಗುಂಡು ಬಿದ್ದ ಜಾಗ ಅಂತ ಅಜ್ಜ ಮೊಮ್ಮಕ್ಕಳಿಗೆಲ್ಲ ಹೇಳಿದ್ದರಂತೆ. ನನ್ನ ಗೆಳೆಯ ಸಣ್ಣವನಿದ್ದಾಗ ಶಾಲೆ ಹುಡುಗರನ್ನ ಕರ್ಕೊಂಡು ಬಂದು ಅದನ್ನ ತೋರಿಸ್ತಿದ್ದನಂತೆ.

ಈಗ ವಿಷಯ ಏನಪ್ಪಾ ಅಂದ್ರೆ, ಬೆಂಗಳೂರಿನ ಒಬ್ಬರು ಜೀಪು ಕೇಳಿದ್ದಾರೆ. ಒಳ್ಳೇ ಬೆಲೆ. ಒಂದೇ ಷರತ್ತು: ಯುದ್ಧಕಾಲದ ವಿಲ್ಲಿಸ್ ಆಗಿರಬೇಕು, ಎಂಜಿನ್ನೂ ಅದೇ ಕಾಲದ ಒರಿಜಿನಲ್ ಆಗಿರಬೇಕು. ಎಂಜಿನ್ ಮೂವತ್ತು ವರ್ಷದಿಂದ ಬಿಚ್ಚಿಟ್ಟ ಸ್ಥಿತಿಯಲ್ಲಿ ಶೆಡ್ಡಿನ ಮೂಲೆಯಲ್ಲಿ ಬಿದ್ದಿದೆ. ಹೆಡ್ಡು ಯಾವಾಗಲೋ ರಿಪೇರಿಗೆ ಅಂತ ಹೋಗಿದ್ದು ವಾಪಸ್ ಬರಲೇ ಇಲ್ಲ. ಕಾರ್ಬುರೇಟರ್ ಇಲ್ಲ, ಮ್ಯಾನಿಫೋಲ್ಡ್ ಇಲ್ಲ. ಉಳಿದಿದ್ದು ಬ್ಲಾಕ್, ಒಳಗೆ ಕ್ರ್ಯಾಂಕು, ಒಂದೇ ಒಂದು ಪಿಸ್ಟನ್, ಜೊತೆಗೆ ಒಂದು ಇಲಿ ಸಂಸಾರ. ಗೆಳೆಯ ಫೋನ್ ಮಾಡಿ, "ಏ ಮಾರಾಯ, ಇದ್ರ ಮೇಲೆ ನಂಬರ್ರೇ ಇಲ್ಲ ಕಣೋ. ಆರ್‌ಸಿ ಬುಕ್ಕಲ್ಲಿ ಒಂದು ಎಂಜಿನ್ ನಂಬರ್ ಇದೆ, ಇದ್ರಲ್ಲಿ ಏನೂ ಇಲ್ಲ. ಬಂದು ನೋಡು" ಅಂದ.

ಹೋದೆ.

ಇಲ್ಲಿ ಒಂದು ಸಣ್ಣ ಪಾಠ, ಇದು ಗೊತ್ತಿರದೆ ಎಷ್ಟೋ ಜನ ಮೋಸ ಹೋಗ್ತಾರೆ. ಹಳೇ ಎಂಜಿನ್ ಬ್ಲಾಕ್ ಮೇಲೆ ಎರಡು ಥರದ ನಂಬರ್ ಇರುತ್ತೆ. ಒಂದು ಉಬ್ಬು ನಂಬರ್. ಎರಕ ಹೊಯ್ಯುವಾಗ ಅಚ್ಚಿನಲ್ಲೇ ಮೂಡಿ ಬಂದಿದ್ದು. ಅದು ಆ ಅಚ್ಚಿನ ನಂಬರ್, ಅದೇ ಅಚ್ಚಿನಲ್ಲಿ ಹುಟ್ಟಿದ ಸಾವಿರಾರು ಬ್ಲಾಕುಗಳ ಮೇಲೂ ಅದೇ ಇರುತ್ತೆ. ಇನ್ನೊಂದು ತಗ್ಗು ನಂಬರ್. ಕಾರ್ಖಾನೆಯಲ್ಲಿ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದಿದ್ದು. ಇದು ಆ ಒಂದು ಎಂಜಿನ್ನಿಗೆ ಮಾತ್ರ ಸೇರಿದ್ದು, ಆರ್‌ಸಿಯಲ್ಲಿ ಬರೆಯೋದೂ ಇದನ್ನೇ. ಉಬ್ಬು ನಂಬರ್ ಮನೆತನದ ಹೆಸರಿದ್ದ ಹಾಗೆ, ತಗ್ಗು ನಂಬರ್ ಆಧಾರ್ ಇದ್ದ ಹಾಗೆ. ಗುಜರಿಯಲ್ಲಿ ಉಬ್ಬು ನಂಬರ್ ತೋರಿಸಿ "ನೋಡಿ ಸಾರ್, ನಂಬರ್ ಇದೆ" ಅನ್ನೋರು ಬೇಕಾದಷ್ಟು ಜನ ಸಿಕ್ತಾರೆ.

ನಮ್ಮ ಬ್ಲಾಕಲ್ಲಿ ಎರಡೂ ಇರಲಿಲ್ಲ. ಒಂದು ಪಕ್ಕ ಮೂವತ್ತು ಮಳೆಗಾಲ ನೆಲಕ್ಕೆ ತಾಗಿಕೊಂಡು ಬಿದ್ದು, ತುಕ್ಕು ಪದರ ಪದರವಾಗಿ ಎದ್ದು ಬರ್ತಿತ್ತು. ಉಬ್ಬು ಅಕ್ಷರ ಇದ್ದಿದ್ರೂ ತುಕ್ಕಿನ ಜೊತೆ ಹೋಗಿದೆ. ಯುದ್ಧದ ಜೀಪುಗಳಲ್ಲಿ ತಗ್ಗು ನಂಬರ್ ಬ್ಲಾಕಿನ ಬಲಗಡೆ, ಆಯಿಲ್ ಫಿಲ್ಟರ್ ಹಿಂದೆ ಒಂದು ಸಣ್ಣ ಉಬ್ಬಿನ ಮೇಲೆ ಇರುತ್ತೆ. ಅಲ್ಲಿ ವೈರ್ ಬ್ರಷ್ ಹಾಕಿ ಉಜ್ಜಿದೆ. ಏನೂ ಇಲ್ಲ.

ಸರಿ, ನಂಬರ್ ಇಲ್ಲ ಅಂದ್ರೆ ಅಳತೆ ಇದೆಯಲ್ಲ.

ಎಂಜಿನ್‌ಗೆ ಎರಡು ಮುಖ್ಯ ಅಳತೆ. ಪಿಸ್ಟನ್ ಓಡಾಡೋ ಬಾವಿಯ ಅಗಲ, ಅದು ಬೋರ್. ಪಿಸ್ಟನ್ ಕೆಳಗಿಂದ ಮೇಲಕ್ಕೆ ಹೋಗುವ ದೂರ, ಅದು ಸ್ಟ್ರೋಕ್. ಪ್ರತಿ ಮನೆತನಕ್ಕೂ ಒಂದು ಜೋಡಿ. ನಮ್ಮ ರಸ್ತೆಗಳಲ್ಲಿ ಓಡಿದ ಹಳೇ ಕಾರುಗಳನ್ನೇ ತಗೊಳ್ಳಿ. ಫಿಯೆಟ್ 1100, ಅಂದ್ರೆ ಆಮೇಲೆ ಪ್ರೀಮಿಯರ್ ಪದ್ಮಿನಿ ಆಗಿದ್ದು: ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75. ಹಳೇ ಅಂಬಾಸಿಡರ್‌ನ 1489 ಸಿಸಿ ಎಂಜಿನ್: ಬೋರ್ 73, ಸ್ಟ್ರೋಕ್ 88.9. ಈ 88.9 ಅನ್ನೋ ವಿಚಿತ್ರ ಸಂಖ್ಯೆ ಯಾಕೆ ಗೊತ್ತಾ? ಅದು ಸರಿಯಾಗಿ ಮೂರೂವರೆ ಇಂಚು. ಅಂದ್ರೆ ಡ್ರಾಯಿಂಗ್ ಬರೆದವನು ಬ್ರಿಟಿಷ್ ಇಂಚಿನ ಸ್ಕೇಲ್ ಹಿಡ್ಕೊಂಡಿದ್ದ. ಫಿಯೆಟ್‌ನವನು ಇಟಲಿಯಲ್ಲಿ ಮಿಲಿಮೀಟರ್ ಸ್ಕೇಲ್ ಹಿಡ್ಕೊಂಡಿದ್ದ, ಅದಕ್ಕೇ 68, 75 ಅಂತ ಪೂರ್ತಿ ಸಂಖ್ಯೆ. ಅಳತೆ ಎಷ್ಟು ಅನ್ನೋದಕ್ಕಿಂತ ಮೊದಲು, ಅಳತೆ ಯಾವ ಸ್ಕೇಲಲ್ಲಿ ಪೂರ್ತಿ ಸಂಖ್ಯೆಯಾಗಿ ಕೂರುತ್ತೆ ಅಂತ ನೋಡಿದ್ರೆ ದೇಶ ಗೊತ್ತಾಗುತ್ತೆ. ನನಗಂತೂ ಇದು ಈ ಆಟದಲ್ಲೇ ಅತಿ ಖುಷಿ ಕೊಡೋ ಭಾಗ.

ಇದಕ್ಕೂ ಅಪವಾದ ಇದೆ, ಅದನ್ನೂ ಹೇಳ್ತೀನಿ. ಹಳೇ ಕಾಲದ ಕೆಲವು ಮಾರಿಸ್ ಎಂಜಿನ್‌ಗಳಲ್ಲಿ ಬೋಲ್ಟಿನ ತಲೆ ಬ್ರಿಟಿಷ್ ವಿಟ್‌ವರ್ತ್ ಅಳತೆ, ಒಳಗಿನ ಥ್ರೆಡ್ ಮಾತ್ರ ಫ್ರೆಂಚ್ ಮೆಟ್ರಿಕ್! ಕಾರಣ, ಆ ಎಂಜಿನ್ ತಯಾರಿಸ್ತಿದ್ದ ಕೊವೆಂಟ್ರಿಯ ಕಾರ್ಖಾನೆ ಮೊದಲು ಹಾಚ್‌ಕಿಸ್ ಅನ್ನೋ ಫ್ರೆಂಚ್ ಕಂಪನಿಯದ್ದು. ಯಂತ್ರಗಳು ಫ್ರಾನ್ಸಿನವು, ಸ್ಪ್ಯಾನರ್ ಹಿಡಿಯೋ ಕೈ ಮಾತ್ರ ಇಂಗ್ಲೆಂಡಿನದು. ಅದಕ್ಕೇ ಒಂದೇ ಒಂದು ಬೋಲ್ಟ್ ನೋಡಿ ತೀರ್ಪು ಕೊಡಬಾರದು.

ನಮ್ಮ ಶೆಡ್ಡಿಗೆ ವಾಪಸ್ ಬರೋಣ. ಉಳಿದಿದ್ದ ಒಂದು ಪಿಸ್ಟನ್ ಸುತ್ತ ಡೀಸೆಲ್ ಸುರಿದು ಒಂದು ರಾತ್ರಿ ಬಿಟ್ಟೆವು. ಇಲಿ ಸಂಸಾರಕ್ಕೆ ಬೇರೆ ಮನೆ ನೋಡಿಕೊಳ್ಳೋಕೆ ಟೈಮ್ ಕೊಟ್ಟ ಹಾಗೂ ಆಯ್ತು. ಬೆಳಿಗ್ಗೆ ಕ್ರ್ಯಾಂಕಿನ ಹಿಂದೆ ಪೈಪ್ ಹಾಕಿ ತಿರುಗಿಸಿದ್ರೆ, ಕಿರ್ರ್ ಅಂತ ಶಬ್ದ ಮಾಡ್ತಾ ಮೇಲೆ ಬಂತು. ಪಿಸ್ಟನ್ ಪೂರ್ತಿ ಮೇಲಿದ್ದಾಗ ಒಂದು ಅಳತೆ, ಪೂರ್ತಿ ಕೆಳಗಿದ್ದಾಗ ಇನ್ನೊಂದು. ಕಳೆದರೆ 111 ಮಿಲಿಮೀಟರ್, ಕೂದಲೆಳೆ ಹೆಚ್ಚು. ಬೋರ್ 80.4.

ಬೋರ್ ನೋಡಿ ನನಗೆ ಒಂದು ಕ್ಷಣ ಗೊಂದಲ ಆಯ್ತು. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ ಬೋರ್ 80.26. ಹತ್ತಿರ ಹತ್ತಿರ ಅದೇ! ಆದರೆ ಬೋರ್ ಅನ್ನೋದು ನಂಬಿಕಸ್ಥ ಸಾಕ್ಷಿ ಅಲ್ಲ. ಎಂಜಿನ್ ಸವೆದ ಹಾಗೆಲ್ಲ ಬಾವಿಯನ್ನ ಕೊರೆದು ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕ್ತಾರೆ. ಒಂದು ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ, ನಲವತ್ತು ಭಾಗ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಸ್ಟ್ರೋಕ್ ಹಾಗಲ್ಲ, ಅದು ಕ್ರ್ಯಾಂಕ್ ಹುಟ್ಟಿದಾಗ ಹೇಗಿತ್ತೋ ಸಾಯೋವರೆಗೂ ಹಾಗೇ. ಎಂಜಿಬಿಯ ಸ್ಟ್ರೋಕ್ 88.9, ನಮ್ಮದು 111. ನಾಲ್ಕು ಇಂಚು, ಮೇಲೆ ಇಂಚಿನ ಎಂಟರಲ್ಲಿ ಮೂರು ಭಾಗ. 80.4ರಿಂದ ನಲವತ್ತು ಭಾಗದ ಓವರ್‌ಸೈಜ್, ಅಂದ್ರೆ ಸುಮಾರು 1 ಮಿಲಿಮೀಟರ್ ಕಳೆದರೆ 79.4, ಮೂರು ಇಂಚು ಮತ್ತು ಎಂಟರಲ್ಲಿ ಒಂದು ಭಾಗ. ಉದ್ದ ಸ್ಟ್ರೋಕ್, ಸಣ್ಣ ಬೋರ್, ನಾಲ್ಕು ಸಿಲಿಂಡರ್, ಸುಮಾರು 2,200 ಸಿಸಿ.

ಇದು ವಿಲ್ಲಿಸ್ ಜೀಪಿನ ಅಳತೆ. ಅನುಮಾನವೇ ಇಲ್ಲ.

ಗೆಳೆಯ ನನ್ನನ್ನ ಎತ್ತಿಕೊಂಡು ಕುಣಿಯೋದೊಂದು ಬಾಕಿ. ಅಲ್ಲೇ ನಿಂತು ಬೆಂಗಳೂರಿಗೆ ಫೋನ್ ಮಾಡೋಕೆ ಹೊರಟ. ನಾನೂ ಹೂಂ ಅಂದೆ. ತಪ್ಪು ಮಾಡಿದ್ದು ಅಲ್ಲೇ.

ಈಗ ಸ್ವಲ್ಪ ಕಣ್ಣು ಮುಚ್ಚಿ ಚಿತ್ರ ಮಾಡ್ಕೊಳ್ಳಿ. ಬಸ್ಸಲ್ಲಿ ನಿಂತಿದ್ರೆ ಬೇಡ, ಇಳಿಯೋ ಸ್ಟಾಪ್ ದಾಟಿಬಿಡುತ್ತೆ. ಹೆಡ್ಡು ತೆಗೆದ ಬ್ಲಾಕನ್ನ ಮೇಲಿಂದ ನೋಡಿದ್ರೆ ಪಡ್ಡು ಕಾವಲಿ ಥರ ಇರುತ್ತೆ. ಸಾಲಾಗಿ ನಾಲ್ಕು ದೊಡ್ಡ ಗುಳಿ, ಅವು ಸಿಲಿಂಡರ್‌ಗಳು. ಯುದ್ಧದ ಜೀಪಿನ ಎಂಜಿನ್ ಫ್ಲ್ಯಾಟ್‌ಹೆಡ್. ಅಂದ್ರೆ ಗಾಳಿ ಪೆಟ್ರೋಲ್ ಒಳಗೆ ಬಿಡೋ ವಾಲ್ವೂ ಹೊಗೆ ಹೊರಗೆ ಬಿಡೋ ವಾಲ್ವೂ ಎರಡೂ ಬ್ಲಾಕಲ್ಲೇ, ಸಿಲಿಂಡರ್ ಪಕ್ಕದಲ್ಲೇ ಕೂತಿರ್ತವೆ. ಹೆಡ್ಡು ಬರೀ ಮುಚ್ಚಳ. ಹಾಗಾಗಿ ನಾಲ್ಕು ದೊಡ್ಡ ಗುಳಿಗಳ ಪಕ್ಕ ಎಂಟು ಸಣ್ಣ ಗುಳಿ ಇರಬೇಕು. ಆ ಎಂಜಿನ್ನಿನ ಹೆಸರೇ 'ಗೋ ಡೆವಿಲ್'. ಹಳೇ ವಿನ್ಯಾಸವನ್ನ ವಿಲ್ಲಿಸ್‌ನ ಎಂಜಿನಿಯರ್ ಬಾರ್ನಿ ರೂಸ್ ತಿದ್ದಿ ತೀಡಿ 60 ಕುದುರೆ ಶಕ್ತಿಗೆ ತಂದರು. ಬ್ಯಾಂಟಮ್, ಫೋರ್ಡ್, ವಿಲ್ಲಿಸ್ ಮೂರೂ ಕಂಪನಿಗಳ ಗಾಡಿ ಓಡಿಸಿ ನೋಡಿದ ಅಮೆರಿಕದ ಸೇನೆ ವಿಲ್ಲಿಸ್ ಕಡೆ ವಾಲಿದ್ದಕ್ಕೆ ಈ ಎಂಜಿನ್ನೇ ದೊಡ್ಡ ಕಾರಣ. ಆಮೇಲೆ ಅದೇ ವಿನ್ಯಾಸವನ್ನ ಫೋರ್ಡ್‌ನವರೂ ತಯಾರಿಸಿದ್ರು. ಇಬ್ಬರೂ ಸೇರಿ ಯುದ್ಧ ಮುಗಿಯೋ ಹೊತ್ತಿಗೆ 6 ಲಕ್ಷದ 40 ಸಾವಿರದಷ್ಟು ಜೀಪು.

ನಾನು ಅಳತೆ ತಗೊಳ್ಳುವಾಗ ಕೆರೆದು ಸ್ವಚ್ಛ ಮಾಡಿದ್ದು ಪಿಸ್ಟನ್ ಇದ್ದ ಒಂದು ಸಿಲಿಂಡರ್ ಸುತ್ತ ಮಾತ್ರ. ಅದರ ಪಕ್ಕ ಒಂದು ವಾಲ್ವ್ ಗುಳಿ ಕಾಣ್ತಿತ್ತು. ಇನ್ನೊಂದು ಗ್ರೀಸು, ಕಾಫಿ ಸಿಪ್ಪೆ, ಮಣ್ಣು ಎಲ್ಲ ಸೇರಿದ ಆ ಹೆಂಟೆಯ ಅಡಿ ಇರುತ್ತೆ ಅಂದುಕೊಂಡೆ. ಅಂದುಕೊಂಡೆ, ನೋಡಲಿಲ್ಲ. ಅಳತೆ ಕೂಡಿ ಬಂದ ಖುಷಿಯಲ್ಲಿ ಕಣ್ಣೆದುರು ಇದ್ದಿದ್ದನ್ನ ಎಣಿಸೋದೇ ಬಿಟ್ಟೆ.

ಊಟ ಆದಮೇಲೆ ಫೋಟೋ ತೆಗೆಯೋಣ ಅಂತ ಪೂರ್ತಿ ತೊಳೆದೆವು. ನಾಲ್ಕು ದೊಡ್ಡ ಗುಳಿ. ಪಕ್ಕದಲ್ಲಿ ವಾಲ್ವ್ ಗುಳಿ ಒಂದು, ಎರಡು, ಮೂರು, ನಾಲ್ಕು. ಅಷ್ಟೇ. ಇನ್ನು ನಾಲ್ಕು ಇರಬೇಕಾದ ಕಡೆ ಕಿರುಬೆರಳು ಗಾತ್ರದ ತೂತುಗಳು.

ನಾನು ಎರಡು ಸಲ ಎಣಿಸಿದೆ. ಗೆಳೆಯನೂ ಎಣಿಸಿದ. ಎಣಿಸಿದ್ರೆ ಜಾಸ್ತಿ ಆಗುತ್ತಾ?

ಇದು ಗೋ ಡೆವಿಲ್ ಅಲ್ಲ, ಅದರ ತಮ್ಮ 'ಹರಿಕೇನ್'. ವಿಲ್ಲಿಸ್‌ನವರು 1950ರಲ್ಲಿ ಹೊರತಂದಿದ್ದು. ಅದೇ ಬೋರ್, ಅದೇ ಸ್ಟ್ರೋಕ್, ಅದಕ್ಕೇ ನನ್ನ ವರ್ನಿಯರ್ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಆದರೆ ಒಳಗೆ ಬಿಡೋ ವಾಲ್ವನ್ನ ಬ್ಲಾಕಿನಿಂದ ತೆಗೆದು ಮೇಲೆ ಹೆಡ್ಡಿಗೆ ಸಾಗಿಸಿದ್ರು. ಹೊಗೆ ವಾಲ್ವ್ ಮಾತ್ರ ಕೆಳಗೇ ಉಳೀತು. ಆ ಸಣ್ಣ ತೂತುಗಳು ಮೇಲಿನ ವಾಲ್ವನ್ನ ತಳ್ಳೋ ಕಡ್ಡಿ, ಅಂದ್ರೆ ಪುಶ್‌ರಾಡ್ ಹೋಗೋ ದಾರಿ. ಬ್ಲಾಕಿನ ಪಕ್ಕ ನೋಡಿದ್ರೂ ಹೊಗೆ ಹೋಗೋ ಬಾಯಿ ಮಾತ್ರ ಇದೆ, ಗಾಳಿ ಬರೋ ಬಾಯಿ ಇಲ್ಲ. ಹೀಗೆ ಮಾಡಿದ್ದರಿಂದ ಎಂಜಿನ್ ಉಸಿರಾಡೋದು ಸಲೀಸಾಯ್ತು, ಶಕ್ತಿ ಎಪ್ಪತ್ತು ಕುದುರೆ ದಾಟಿತು. ಬದಲಿಗೆ ಎಂಜಿನ್ ಎತ್ತರ ಆಯ್ತು.

ಎತ್ತರ ಅಂದ ತಕ್ಷಣ ನಿಮ್ಮಲ್ಲಿ ಯಾರಿಗಾದ್ರೂ ಹೊಳೆದಿದ್ರೆ ಶಭಾಶ್. ನಮ್ಮಿಬ್ಬರಿಗೂ ಒಂದೇ ಸಲ ಹೊಳೀತು. ಇಬ್ಬರೂ ತಿರುಗಿ ಜೀಪಿನ ಬಾನೆಟ್ ಕಡೆ ನೋಡಿದೆವು.

ವಿಲ್ಲಿಸ್ ಕಂಪನಿ ಸಿಜೆ 3ಬಿ ಅನ್ನೋ ಜೀಪಲ್ಲಿ ಈ ಎಂಜಿನ್ ಕೂರಿಸೋಕೆ ಬಾನೆಟ್ಟನ್ನೇ ಎತ್ತರ ಮಾಡಬೇಕಾಯ್ತು. ಅದೇ ಜೀಪನ್ನ ಮಹೀಂದ್ರದವರು ಭಾರತದಲ್ಲಿ ದಶಕಗಳ ಕಾಲ ತಯಾರಿಸಿದ್ರು. ಹಳೇ ಸಿನಿಮಾದಲ್ಲಿ ಪೊಲೀಸ್ ಜೀಪು ನೋಡಿದ್ರೆ ಆ ಎತ್ತರದ ಮೂಗು ನೆನಪಾಗುತ್ತೆ. ಯುದ್ಧಕಾಲದ ಜೀಪಿನ ಬಾನೆಟ್ ತಗ್ಗು. ಅದರೊಳಗೆ ಈ ಎಂಜಿನ್ ಇಟ್ಟರೆ ಬಾನೆಟ್ ಮುಚ್ಚಲ್ಲ. ಮುಚ್ಚಬೇಕಂದ್ರೆ ತಗಡು ಕೊಯ್ದು ಉಬ್ಬು ತೇಪೆ ಹಾಕಬೇಕು.

ಬರ್ಮಾದ ಗುಂಡು ಅಲ್ಲ.

ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೆಲೆ ಹೋಯ್ತು ಅಂತ ಬೇಜಾರಾಗಿದ್ದಾನೆ ಅಂದುಕೊಂಡೆ. ಅವನು ಆಮೇಲೆ ಹೇಳಿದ್ದು, "ಅಜ್ಜ ನಮ್ಮತ್ರ ಸುಳ್ಳು ಹೇಳಿದ್ನಾ ಹಾಗಾದ್ರೆ?"

ಹಾಗಾದ್ರೆ ಜೀಪಾದ್ರೂ ಯುದ್ಧದ್ದು ಹೌದೋ ಅಲ್ವೋ ಅಂತ ನೋಡೋಕೆ ಹೋದೆವು. ಇದು ಸುಲಭ, ನೀವೂ ಮಾಡಬಹುದು. ಮುಂದಿನ ಗ್ರಿಲ್ಲಿನ ಸೀಳುಗಳನ್ನ ಎಣಿಸಿ. ಯುದ್ಧಕಾಲದ ತಗಡಿನ ಗ್ರಿಲ್ಲಲ್ಲಿ ಒಂಬತ್ತು, ಆಮೇಲಿನ ಸಿವಿಲ್ ಜೀಪಲ್ಲಿ ಏಳು. ಇಲ್ಲಿ ಒಂಬತ್ತು ಇತ್ತು. ಗ್ರಿಲ್ಲನ್ನ ಬದಲಾಯಿಸಬಹುದು, ಅದಕ್ಕೇ ಚಾಸಿ ನೋಡಬೇಕು. ಮುಂದಿನ ಎರಡು ಉದ್ದ ತೊಲೆಗಳನ್ನ ಸೇರಿಸೋ ಅಡ್ಡ ತೊಲೆ ಯುದ್ಧದ ವಿಲ್ಲಿಸ್‌ನಲ್ಲಿ ದುಂಡನೆ ಪೈಪು, ಫೋರ್ಡ್‌ನಲ್ಲಿ ಚೌಕಾಕಾರ. ಇದು ದುಂಡು. ಫೋರ್ಡ್‌ನವರು ಬೋಲ್ಟಿನ ತಲೆಯ ಮೇಲೂ ತಮ್ಮ 'ಎಫ್' ಅಕ್ಷರ ಒತ್ತಿರ್ತಿದ್ರು, ಅದೂ ಎಲ್ಲೂ ಕಾಣಲಿಲ್ಲ. ಹಾಗಾಗಿ ಜೀಪು ಯುದ್ಧದ ವಿಲ್ಲಿಸ್, ಎಂಜಿನ್ ಆಮೇಲಿಂದು.

ಇನ್ನು ಉಳಿದಿದ್ದು ನಂಬರ್. ನಾನು ಮೊದಲು ಉಜ್ಜಿದ್ದೇ ತಪ್ಪು ಜಾಗ. ಹರಿಕೇನ್ ಎಂಜಿನ್ನಲ್ಲಿ ನಂಬರ್ ಹೊಡೆಯೋದು ಮುಂದುಗಡೆ, ವಾಟರ್ ಪಂಪ್ ಕೂರೋ ಉಬ್ಬಿನ ಮೇಲೆ. ಎಂಜಿನ್ ಯಾವ ಜಾತಿ ಅಂತ ಗೊತ್ತಾಗೋವರೆಗೂ ಎಲ್ಲಿ ಹುಡುಕಬೇಕು ಅಂತಲೇ ಗೊತ್ತಿರಲ್ಲ. ಅಲ್ಲಿ ಉಜ್ಜಿದ್ವಿ. ಅಲ್ಲೂ ಖಾಲಿ.

ಖಾಲಿ ಅಂದ್ರೆ ಎರಡು ಅರ್ಥ. ಕೆಲವು ಸಲ ಕಂಪನಿಗಳು ಬರೀ ಬ್ಲಾಕನ್ನ ಸ್ಪೇರ್ ಪಾರ್ಟ್ ಆಗಿ ಮಾರ್ತಿದ್ವು. ಅದರ ಮೇಲೆ ನಂಬರ್ ಹೊಡೆದಿರಲ್ಲ. ಅದರಲ್ಲಿ ಕಳ್ಳತನ ಏನಿಲ್ಲ. ಇನ್ನೊಂದು, ಇದ್ದ ನಂಬರನ್ನ ಯಾರೋ ಅಳಿಸಿರಬಹುದು. ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಇಲ್ಲಿ ನಿಮ್ಮ ಫೋನಿನ ಟಾರ್ಚ್ ಕೆಲಸಕ್ಕೆ ಬರುತ್ತೆ. ನೇರವಾಗಿ ಬೆಳಕು ಬಿಡಬೇಡಿ. ಫೋನನ್ನ ಮಲಗಿಸಿ, ಬೆಳಕು ಆ ಜಾಗವನ್ನ ಸವರಿಕೊಂಡು ಹೋಗೋ ಹಾಗೆ ಹಿಡೀರಿ. ಬೇರೆ ಬೇರೆ ದಿಕ್ಕಿಂದ ನಾಲ್ಕು ಫೋಟೋ ತೆಗೀರಿ. ಕಾರ್ಖಾನೆಯ ಯಂತ್ರ ಕೆತ್ತಿದ ಗೆರೆಗಳು ಒಂದೇ ದಿಕ್ಕಿಗೆ, ಬಾಚಣಿಗೆ ಎಳೆದ ಹಾಗೆ ಇರ್ತವೆ. ಅರ ಹಾಕಿ ಉಜ್ಜಿದ್ರೆ ಗೆರೆಗಳು ಅಡ್ಡಾದಿಡ್ಡಿ, ಅಂಚು ಮೊಂಡು, ಮಧ್ಯ ಸ್ವಲ್ಪ ತಗ್ಗು.

ನಮ್ಮದು ಅಡ್ಡಾದಿಡ್ಡಿ. ಯಾರೋ ಅರ ಹಾಕಿದ್ದಾರೆ.

ಪಂಚ್ ಹೊಡೆದಾಗ ಅಕ್ಷರದ ಕೆಳಗಿನ ಲೋಹವೂ ಅದುಮಿಕೊಂಡಿರುತ್ತೆ. ಮೇಲಿನ ಅಕ್ಷರ ಅಳಿಸಿದ್ರೂ ಆ ಅದುಮಿದ ಗುರುತು ಒಳಗೆ ಉಳಿದಿರಬಹುದು. ವಿಧಿವಿಜ್ಞಾನ ಪ್ರಯೋಗಾಲಯದವರು ಆಸಿಡ್ ದ್ರಾವಣ ಸವರಿ ಅದನ್ನ ಎಬ್ಬಿಸೋಕೆ ನೋಡ್ತಾರೆ. ಎರಕದ ಕಬ್ಬಿಣದಲ್ಲಿ ಅದು ಉಕ್ಕಿನಷ್ಟು ಸುಲಭ ಅಲ್ಲ. ವಿಡಿಯೋ ನೋಡ್ಕೊಂಡು ಮನೇಲಿ ಟಾಯ್ಲೆಟ್ ಆಸಿಡ್ ಸುರಿಯೋಕೆ ಮಾತ್ರ ಹೋಗಬೇಡಿ. ಇರೋ ಒಂದು ಸಾಕ್ಷಿಯೂ ಹಾಳಾಗುತ್ತೆ, ನಾಳೆ ಅಳಿಸಿದ್ದು ನೀವೇ ಅಂತಾಗುತ್ತೆ.

ಸಾಯಂಕಾಲ ಅಡುಗೆಮನೆ ಜಗಲಿಯಲ್ಲಿ ಕಾಫಿ ಕುಡೀತಾ ಕೂತಿದ್ವಿ. ಗೆಳೆಯನ ಅಜ್ಜಿ ಎಂಬತ್ತು ದಾಟಿದವರು, ಕಾಳುಮೆಣಸು ಆರಿಸ್ತಾ ಇದ್ರು. ನಾವು ಮಾತಾಡಿಕೊಳ್ತಿದ್ದದ್ದು ಕಿವಿಗೆ ಬಿದ್ದಿರಬೇಕು. ತಲೆ ಎತ್ತದೇ ಹೇಳಿದ್ರು: "ಆ ಎಂಜಿನ್ನಾ? ಅದು ನಿಮ್ಮಜ್ಜ ಆಮೇಲೆ ಹಾಕ್ಸಿದ್ದು. ಹಳೇದು ಶಿರಾಡಿ ಘಾಟಲ್ಲಿ ಕೆಟ್ಟು ನಿಂತಿತ್ತು. ನಿನ್ನಪ್ಪ ಆಗ ಕೈಗೂಸು. ಹಾಸನದಿಂದ ಲಾರೀಲಿ ಬೇರೆ ಎಂಜಿನ್ ತಂದ್ರು. ಬಾನೆಟ್ ಮುಚ್ಲಿಲ್ಲ ಅಂತ ಕೊಯ್ಸಿ ರಂಪ ಮಾಡಿದ್ರು."

ನಾನು ಕೇಳಿದೆ, "ಅಜ್ಜಿ, ಮತ್ತೆ ಗುಂಡಿನ ಕಥೆ?"

"ಹುಡುಗ್ರು ತೂತು ಯಾಕೆ ಅಂತ ಕೇಳ್ತಿದ್ವು. ಅವ್ರು ಒಂದು ಹೇಳಿದ್ರು. ನನ್ನ ಯಾರು ಕೇಳಿದ್ರು?"

ನಾನು ಎರಡು ದಿನ, ಐದು ಲೀಟರ್ ಡೀಸೆಲ್, ಒಂದು ವರ್ನಿಯರ್ ಖರ್ಚು ಮಾಡಿ ಕಂಡುಹಿಡಿದಿದ್ದು ಅಡುಗೆಮನೆ ಜಗಲಿಯಲ್ಲೇ ಇತ್ತು. ಆದ್ರೂ ಒಂದು ಮಾತು. ಬ್ಲಾಕ್ ಹೇಳಿದ್ದೂ ಅಜ್ಜಿ ಹೇಳಿದ್ದೂ ಒಂದಕ್ಕೊಂದು ತಾಳೆ ಆದದ್ದರಿಂದಲೇ ನನಗೆ ಎರಡರ ಮೇಲೂ ನಂಬಿಕೆ ಬಂತು. ನಂಬರ್ ಯಾಕೆ ಅಳಿಸಿದ್ರು ಅನ್ನೋದು ಮಾತ್ರ ಅಜ್ಜಿಗೂ ಗೊತ್ತಿಲ್ಲ. ನನ್ನ ಊಹೆ ಏನಂದ್ರೆ, ಆರ್‌ಸಿಯಲ್ಲಿದ್ದ ಹಳೇ ನಂಬರನ್ನೇ ಹೊಸ ಬ್ಲಾಕ್ ಮೇಲೆ ಹೊಡೆಯೋಣ ಅಂತ ಅರ ಹಾಕಿ, ಆಮೇಲೆ ಅಲ್ಲಿಗೇ ಬಿಟ್ಟಿರಬಹುದು. ಊಹೆ ಅಷ್ಟೇ. ಕದ್ದ ಎಂಜಿನ್ನೇ ಹಾಸನಕ್ಕೆ ಬಂದಿತ್ತು ಅಂದ್ರೂ ಅಲ್ಲ ಅನ್ನೋಕೆ ನನ್ನ ಹತ್ರ ಆಧಾರ ಇಲ್ಲ. ಅಳತೆ ಮತ್ತು ಗುಳಿಗಳು ಎಂಜಿನ್ ಯಾವ ಮನೆತನ, ಯಾವ ಕಾಲ ಅಂತ ಹೇಳ್ತವೆ. ಯಾರ ಗಾಡಿಯಿಂದ ಬಂತು ಅಂತ ಹೇಳೋದು ಆ ಅಳಿಸಿದ ನಂಬರ್ ಒಂದೇ.

ಈಗ ಕಾಗದಪತ್ರದ ವಿಷಯ, ಬೇಗ ಹೇಳ್ತೀನಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಬೇರೆ ನಿಯಮ ತಂತು. 50 ವರ್ಷ ದಾಟಿದ ಗಾಡಿಗೆ ನಂಬರ್ ಪ್ಲೇಟಲ್ಲಿ 'ವಿಎ' ಅಂತ ಬರುತ್ತೆ, ಹೊಸ ನೋಂದಣಿಗೆ ಶುಲ್ಕ 20 ಸಾವಿರ ರೂಪಾಯಿ, 10 ವರ್ಷ ಚಾಲ್ತಿ. ದಿನಾ ಓಡಿಸೋ ಹಾಗಿಲ್ಲ; ಪ್ರದರ್ಶನ, ರ‍್ಯಾಲಿ ಥರದ್ದಕ್ಕೆ ಮಾತ್ರ. ಮುಖ್ಯ ಷರತ್ತು, ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಮ್ಮ ಜೀಪಿಗೆ ತೊಡಕಾಗೋದು ಇಲ್ಲೇ. ವಿಂಟೇಜ್ ಬಿಡಿ, ಸಾಮಾನ್ಯ ಗಾಡಿಯಲ್ಲೂ ಎಂಜಿನ್ ಬದಲಿಸಿದ್ರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ತಿದ್ದಿಸಬೇಕು. ಅಜ್ಜ ತಿದ್ದಿಸಿರಲಿಲ್ಲ. ಹಾಗಾಗಿ ನೀವು ಹಳೇ ಗಾಡಿ ತಗೊಳ್ಳೋಕೆ ಹೋದಾಗ ಮೊದಲು ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಕಣ್ಣಾರೆ ಹೋಲಿಸಿ, ಆಮೇಲೆ ಬಣ್ಣ, ಸೀಟು, ಇನ್‌ಸ್ಟಾಗ್ರಾಮ್ ಫೋಟೋ. ನಂಬರ್ ಜಾಗದಲ್ಲಿ ಅರದ ಗುರುತು ಕಂಡ್ರೆ, ಎಷ್ಟೇ ಕಡಿಮೆಗೆ ಕೊಟ್ರೂ ಅಡ್ವಾನ್ಸ್ ಕೊಡಬೇಡಿ.

ಗೆಳೆಯ ಮಾರನೇ ದಿನ ಬೆಂಗಳೂರಿನವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ. ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯವರು "ಯೋಚನೆ ಮಾಡಿ ಹೇಳ್ತೀನಿ" ಅಂದ್ರು. ಆಮೇಲೆ ಫೋನ್ ಬಂದಿಲ್ಲ. ಈಗ ಇವನು ಯುದ್ಧಕಾಲದ ಗೋ ಡೆವಿಲ್ ಬ್ಲಾಕ್ ಒಂದನ್ನ, ನಂಬರ್ ಮತ್ತು ಕಾಗದ ಎರಡೂ ಸರಿ ಇರೋದನ್ನ ಹುಡುಕ್ತಾ ಇದ್ದಾನೆ. ಸಿಕ್ಕಿದ್ರೆ ಆರ್‌ಟಿಒಗೆ ಅರ್ಜಿ ಹಾಕಿ ಕ್ರಮವಾಗಿ ಕೂರಿಸ್ತೀನಿ ಅಂತಾನೆ. ಬಾನೆಟ್ಟಿನ ತೇಪೆ ಏನ್ ಮಾಡ್ತೀಯೋ ಅಂತ ಕೇಳಿದೆ. ಅದು ಹಾಗೇ ಇರ್ಲಿ ಅಂದ.

ನಿಮ್ಮ ಮನೆ ಹಿತ್ತಲಲ್ಲೋ, ಊರಿನ ಗ್ಯಾರೇಜಲ್ಲೋ ಇಂಥ ಹೆಸರಿಲ್ಲದ ಬ್ಲಾಕ್ ಬಿದ್ದಿದ್ರೆ ಮೇಲಿಂದ ಒಂದು, ನಾಲ್ಕು ಪಕ್ಕದಿಂದ ನಾಲ್ಕು ಫೋಟೋ ತೆಗೆದು ಕಳಿಸಿ. ಜೊತೆಗೆ ಸ್ಟ್ರೋಕ್ ಅಳತೆ ಬರೀರಿ. ಕಳಿಸೋ ಮುಂಚೆ ಪೂರ್ತಿ ತೊಳೀರಿ, ಗುಳಿ ಎಣಿಸಿ. ಮನೇಲಿ ಅಜ್ಜಿ ಇದ್ರೆ ಅವರನ್ನೂ ಒಂದು ಮಾತು ಕೇಳಿ.